ಕೆಂಪಿನ ಅಳತೆ, ಕಪ್ಪಿನ ಮಾತು: ವಿಕಿರಣ ಚಿಕಿತ್ಸೆಯ ಚರಿತ್ರೆಯಲ್ಲಿ ಚರ್ಮ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹ ರೂಪ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ಕನ್ನಡ ಸಾಹಿತ್ಯದ ವಿದ್ಯಾರ್ಥಿಯೊಬ್ಬರು ಕ್ಯಾನ್ಸರ್ ಚಿಕಿತ್ಸೆಯ ಬಗ್ಗೆ ಯಾಕೆ ಮಾತಾಡಬೇಕು ಅಂತ ಕೆಲವರಿಗೆ ಅನ್ನಿಸಬಹುದು. ನಾನು ವೈದ್ಯಕೀಯ ಸಲಹೆ ಕೊಡಲು ಬಂದವನಲ್ಲ. ನನ್ನ ಆಸಕ್ತಿ ಇರುವುದು ಮಾತುಗಳಲ್ಲಿ. ವಿಕಿರಣ ಚಿಕಿತ್ಸೆ ಪಡೆದವರ ಚರ್ಮದ ಮೇಲೆ ಆಗುವ ಬದಲಾವಣೆಯನ್ನು ವೈದ್ಯಶಾಸ್ತ್ರ ಒಂದು ಮಾತಿನಲ್ಲಿ ಬರೆದುಕೊಂಡು ಬಂದಿದೆ, ನಮ್ಮ ಗಡಿನಾಡಿನ ಮನೆಗಳಲ್ಲಿ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ. ಈ ಎರಡು ಮಾತುಗಳ ನಡುವಿನ ಅಂತರಕ್ಕೆ ಸುಮಾರು 130 ವರ್ಷಗಳ ಚರಿತ್ರೆ ಇದೆ. ಆ ಚರಿತ್ರೆಯನ್ನು ಹೇಳಿ, ಅದರಿಂದ ಇವತ್ತಿನ ರೋಗಿಗೆ ಏನಾಗುತ್ತದೆ ಎಂಬುದನ್ನು ನಿಮ್ಮ ಮುಂದೆ ಇಡುವುದು ಈ ಪ್ರಬಂಧದ ಉದ್ದೇಶ.

1. ಕರೆಂಟು, ಶಾಖ, ಲೈಟು

ಮೊದಲು ಹೆಸರುಗಳನ್ನೇ ನೋಡೋಣ. ಕಾಸರಗೋಡಿನ ಕಡೆ 'ವಿಕಿರಣ ಚಿಕಿತ್ಸೆ' ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ. 'ಕರೆಂಟು ಕೊಡುದು' ಅಂತಾರೆ. ಮಲಯಾಳದಲ್ಲೂ 'ಕರಂಟ್ ಅಡಿಕ್ಕುಕ' ಎಂಬ ಬಳಕೆ ಇದೆ, ತಮಿಳಿನಲ್ಲೂ 'ಕರಂಟ್' ಇದೆ. ಮರಾಠಿಯಲ್ಲಿ 'ಶೇಕ್ ದೇಣೆ' ಎನ್ನುತ್ತಾರೆ, ಅಂದರೆ ಶಾಖ ಕೊಡುವುದು. ಹಿಂದಿಯ 'ಸಿಕಾಯಿ' ಕೂಡ ಅದೇ ಅರ್ಥದ್ದು. 'ಲೈಟ್ ಕೊಡೋದು' ಎಂಬ ಮಾತು ಕನ್ನಡದಲ್ಲೂ ಉಂಟು, ಮರಾಠಿಯಲ್ಲೂ ಉಂಟು. ಮಂಗಳೂರಿಗೆ ಅಥವಾ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುವ ಕಾಸರಗೋಡಿನವರು, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿರುವ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ಅಕ್ಕಲಕೋಟೆಯ ಕನ್ನಡಿಗರು, ಬೆಂಗಳೂರಿನ ಕಿದ್ವಾಯಿಗೆ ಬರುವ ಹೊಸೂರಿನವರು, ಇವರೆಲ್ಲ ಪಡೆಯುವ ಚಿಕಿತ್ಸೆ ಒಂದೇ. ಅದಕ್ಕೆ ಅವರ ಬಾಯಲ್ಲಿ ಇರುವ ಹೆಸರು ಮಾತ್ರ ನೆರೆಯ ಭಾಷೆಯ ಜೊತೆ ಹಂಚಿಕೊಂಡದ್ದು.

ಈ ಮೂರು ಹೆಸರುಗಳೂ ಒಂದು ವಿಷಯದಲ್ಲಿ ಸಮಾನ. ಕರೆಂಟು ಹೊಡೆಯುತ್ತದೆ, ಶಾಖ ಸುಡುತ್ತದೆ, ಲೈಟು ಬಿಸಿಯಾಗುತ್ತದೆ. ಮೂರರಲ್ಲೂ ಪೆಟ್ಟು ಬೀಳುವುದು ಮೈಮೇಲೆ, ಅಂದರೆ ಚರ್ಮದ ಮೇಲೆ. ಗಡ್ಡೆ ಒಳಗಿದೆ, ಅದು ಕಾಣುವುದಿಲ್ಲ. ಚರ್ಮ ಕಾಣುತ್ತದೆ. ಹೀಗೆ ಒಳಗಿನದ್ದನ್ನು ಹೊರಗಿನ ಚರ್ಮದಿಂದ ಓದುವ ಅಭ್ಯಾಸ ನಮ್ಮ ಜನರದ್ದು ಮಾತ್ರ ಅಲ್ಲ. ವಿಕಿರಣ ವಿಜ್ಞಾನವೂ ಹುಟ್ಟಿದ ಮೊದಲ ಮೂವತ್ತು ವರ್ಷ ಅದನ್ನೇ ಮಾಡಿತ್ತು.

2. ಚರ್ಮ ಸಾಕ್ಷಿಯಾದ ಕಾಲ

ಜರ್ಮನಿಯ ವಿಲ್ಹೆಲ್ಮ್ ರಾಂಟ್ಜೆನ್ ಎಕ್ಸ್-ಕಿರಣಗಳನ್ನು ಕಂಡದ್ದು 1895ರ ನವೆಂಬರಿನಲ್ಲಿ. ಮುಂದಿನ ವರ್ಷವೇ ಅಮೆರಿಕಾ ಮತ್ತು ಯುರೋಪಿನ ಪ್ರಯೋಗಾಲಯಗಳಲ್ಲಿ ಕೂದಲು ಉದುರತೊಡಗಿತು, ಕೈ ಕೆಂಪಾಗತೊಡಗಿತು. ಅಮೆರಿಕಾದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಜಾನ್ ಡೇನಿಯಲ್ ಎಂಬವರು ಸಹೋದ್ಯೋಗಿ ವಿಲಿಯಂ ಡಡ್ಲಿಯ ತಲೆಯ ಎಕ್ಸ್-ರೇ ತೆಗೆಯಲು ಪ್ರಯತ್ನಿಸಿದರು. ಮೂರು ವಾರದ ನಂತರ ಕಿರಣ ಬಿದ್ದ ಜಾಗದ ಕೂದಲು ಉದುರಿತು. ಎಲಿಹು ಥಾಮ್ಸನ್ ಎಂಬ ವಿಜ್ಞಾನಿ ಅದೇ ವರ್ಷ ತನ್ನ ಎಡಗೈಯ ಕಿರುಬೆರಳನ್ನು ಬೇಕೆಂದೇ ಕೆಲವು ದಿನ ಕಿರಣಕ್ಕೆ ಒಡ್ಡಿದರು. ಬೆರಳು ಊದಿ, ನೋವು ಬಂದು, ಗುಳ್ಳೆ ಎದ್ದಿತು.

ಈ ಘಟನೆಗಳಲ್ಲಿ ಗಮನಿಸಬೇಕಾದ್ದು ತಡ. ಒಲೆಯ ಬೆಂಕಿ ತಾಗಿದರೆ ಕೂಡಲೇ ಉರಿಯುತ್ತದೆ. ಈ ಕಿರಣ ತಾಗಿದಾಗ ಏನೂ ಗೊತ್ತಾಗುವುದಿಲ್ಲ. ದಿನಗಳು, ವಾರಗಳು ಕಳೆದ ಮೇಲೆ ಚರ್ಮ ಉತ್ತರ ಕೊಡುತ್ತದೆ.

ಗಾಯ ಮಾಡುವುದು ಗುಣವನ್ನೂ ಮಾಡೀತೇ ಎಂಬ ಪ್ರಶ್ನೆ ಹುಟ್ಟಿದ್ದೂ ಚರ್ಮದಿಂದಲೇ. ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ 1896ರ ಕೊನೆಗೆ ಐದು ವರ್ಷದ ಹುಡುಗಿಯೊಬ್ಬಳ ಬೆನ್ನಿನ ಮೇಲಿದ್ದ ಕೂದಲು ತುಂಬಿದ ದೊಡ್ಡ ಮಚ್ಚೆಗೆ ಎಕ್ಸ್-ಕಿರಣ ಕೊಟ್ಟರು. ಕೂದಲು ಉದುರಿತು, ಆಮೇಲೆ ಆ ಜಾಗ ಹುಣ್ಣಾಯಿತು. ಆ ಹುಡುಗಿ ಮುದುಕಿಯಾಗುವವರೆಗೂ ಬದುಕಿದಳು, ಗಾಯದ ಕಲೆಯೂ ಅವಳ ಜೊತೆ ಉಳಿಯಿತು. ಚಿಕಿತ್ಸೆ ಮತ್ತು ಅಡ್ಡಪರಿಣಾಮ ಎರಡೂ ಒಂದೇ ಬೆನ್ನಿನ ಮೇಲೆ ಒಟ್ಟಿಗೆ ದಾಖಲಾದ ಮೊದಲ ಪ್ರಕರಣಗಳಲ್ಲಿ ಇದು ಒಂದು. ಶಿಕಾಗೋದ ಎಮಿಲ್ ಗ್ರಬ್ಬೆ ತಾನು 1896ರ ಜನವರಿಯಲ್ಲೇ ಸ್ತನ ಕ್ಯಾನ್ಸರಿನ ರೋಗಿಗೆ ಕಿರಣ ಕೊಟ್ಟೆ, ತನ್ನ ಕೈಯ ಗಾಯವೇ ಅದಕ್ಕೆ ಸುಳಿವಾಯಿತು ಎಂದು ಹೇಳಿಕೊಂಡರು. ಆದರೆ ಈ ಮಾತನ್ನು ಅವರು ದಶಕಗಳ ನಂತರ ಹೇಳಿದ್ದರಿಂದ ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ.

ರೇಡಿಯಂನ ಕಥೆಯೂ ಇದೇ ದಾರಿಯಲ್ಲಿ ಹೋಗುತ್ತದೆ. ಹೆನ್ರಿ ಬೆಕರೆಲ್ ಅಂಗಿಯ ಜೇಬಿನಲ್ಲಿ ರೇಡಿಯಂ ಇದ್ದ ಸಣ್ಣ ಕೊಳವೆ ಇಟ್ಟುಕೊಂಡು ತಿರುಗಿದರು, ಜೇಬಿನ ನೇರಕ್ಕೆ ಚರ್ಮದಲ್ಲಿ ಗಾಯವಾಯಿತು. ಪಿಯರ್ ಕ್ಯೂರಿ ಬೇಕೆಂದೇ ತೋಳಿನ ಮೇಲೆ ಹತ್ತು ಗಂಟೆ ರೇಡಿಯಂ ಇಟ್ಟುಕೊಂಡು ಆಮೇಲೆ ಏನಾಯಿತೆಂದು ದಿನ ಲೆಕ್ಕ ಹಾಕಿ ಬರೆದರು. 52ನೇ ದಿನಕ್ಕೂ ಗಾಯ ಪೂರ್ತಿ ಮಾಗಿರಲಿಲ್ಲ. ಇಬ್ಬರೂ ಸೇರಿ 1901ರಲ್ಲಿ ಇದನ್ನು ಪ್ರಕಟಿಸಿದರು. ಅದೇ ವರ್ಷ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಆನ್ರಿ ಡಾನ್ಲೋ ಚರ್ಮರೋಗಕ್ಕೆ ರೇಡಿಯಂ ಬಳಸಿ ನೋಡಿದರು.

ಇದಕ್ಕೆ ಬೆಲೆ ತೆತ್ತವರು ಬಹಳ ಜನ. ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೈಗಳಲ್ಲಿ ಕ್ಯಾನ್ಸರ್ ಬಂದು, ಕತ್ತರಿಸಿದರೂ ಉಳಿಯದೆ 1904ರಲ್ಲಿ ತೀರಿಕೊಂಡರು. ಹೀಗೆ ಸತ್ತವರ ನೆನಪಿಗೆ 1936ರಲ್ಲಿ ಹ್ಯಾಂಬರ್ಗಿನಲ್ಲಿ ಸ್ಮಾರಕ ಎದ್ದಾಗ ಅದರಲ್ಲಿ 169 ಹೆಸರುಗಳಿದ್ದವು.

3. ಚರ್ಮವೇ ಅಳತೆಗೋಲು

ಈಗ ನನ್ನ ವಾದಕ್ಕೆ ಮುಖ್ಯವಾದ ಭಾಗಕ್ಕೆ ಬರ್ತೇನೆ. ಔಷಧಿಯನ್ನು ತೂಗಿ ಕೊಡಬಹುದು. ಕಾಣದ ಕಿರಣವನ್ನು ಎಷ್ಟು ಕೊಟ್ಟೆವು ಅಂತ ಹೇಗೆ ಹೇಳುವುದು? ಆಗಿನ ವೈದ್ಯರು ಬಣ್ಣ ಬದಲಾಯಿಸುವ ರಾಸಾಯನಿಕ ಬಿಲ್ಲೆಗಳನ್ನು ಬಳಸಿದರು. ಜೊತೆಗೆ ಚರ್ಮದ ಬಣ್ಣವನ್ನೂ ನೋಡಿದರು. ಚರ್ಮ ತುಸು ಕೆಂಪಾಗುವಷ್ಟು ಕಿರಣ ಎಂದರೆ ಒಂದು ಡೋಸ್. ಜರ್ಮನಿಯ ಎರ್ಲಾಂಗೆನ್ನಿನಲ್ಲಿ ಜೈಟ್ಸ್ ಮತ್ತು ವಿಂಟ್ಸ್ 1920ರ ಹೊತ್ತಿಗೆ ಇದಕ್ಕೆ ಖಚಿತ ವ್ಯಾಖ್ಯೆ ಕೊಟ್ಟರು: ಸುಮಾರು ಒಂದು ವಾರದಲ್ಲಿ ನಸುಗೆಂಪು, ನಾಲ್ಕು ವಾರದಲ್ಲಿ ನಸುಗಂದು. ಇದು ಅವರ 'ಚರ್ಮ ಕೆಂಪಾಗುವ ಡೋಸ್'. ಒಳಗಿನ ಗಡ್ಡೆಗೆ ಎಷ್ಟು ಬೇಕು ಎಂಬುದನ್ನೂ ಇದರ ಶೇಕಡಾ ಲೆಕ್ಕದಲ್ಲೇ ಹೇಳಿದರು. ಅಂದರೆ ಚರ್ಮವೇ ಸೇರು, ಚರ್ಮವೇ ಪಾವು.

ಕೆಲಸಗಾರರ ರಕ್ಷಣೆಗೂ ಇದೇ ಅಳತೆ. ಆರ್ಥರ್ ಮುಟ್ಷೆಲರ್ 1925ರಲ್ಲಿ, ಎಕ್ಸ್-ರೇ ಕೋಣೆಯಲ್ಲಿ ದುಡಿಯುವವರಿಗೆ ತಿಂಗಳಿಗೆ ಕೆಂಪಾಗುವ ಡೋಸಿನ ನೂರರಲ್ಲಿ ಒಂದು ಭಾಗ ದಾಟಬಾರದು ಎಂದು ಸೂಚಿಸಿದರು. ವಿಕಿರಣ ಸುರಕ್ಷತೆಯ ಮೊದಲ ಮಿತಿಗಳಲ್ಲಿ ಒಂದು ಹೀಗೆ ಬಣ್ಣದಿಂದಲೇ ಹುಟ್ಟಿತು.

ತೊಂದರೆ ಏನೆಂದರೆ ಒಬ್ಬೊಬ್ಬರ ಚರ್ಮ ಒಂದೊಂದು ತರ. ನೋಡುವ ವೈದ್ಯರ ಕಣ್ಣೂ ಒಂದೊಂದು ತರ. ಬೇರೆ ಬೇರೆ ಆಸ್ಪತ್ರೆಗಳ 'ಕೆಂಪು' ಹೋಲಿಸಿ ನೋಡಿದಾಗ ಪಟ್ಟುಗಟ್ಟಲೆ ವ್ಯತ್ಯಾಸ ಬಂತು. 1928ರಲ್ಲಿ ಸ್ಟಾಕ್‌ಹೋಮಿನ ಅಂತಾರಾಷ್ಟ್ರೀಯ ಸಮ್ಮೇಳನ 'ರಾಂಟ್ಜೆನ್' ಎಂಬ ಭೌತಿಕ ಮಾನವನ್ನು ಒಪ್ಪಿಕೊಂಡಿತು. ಅಳತೆ ಮಾಡುವ ಕೆಲಸ ಮೆಲ್ಲನೆ ಯಂತ್ರಕ್ಕೆ ಹೋಯಿತು.

4. ಕಂತು ಎಂಬ ಉಪಾಯ

ಅಳತೆ ಯಂತ್ರಕ್ಕೆ ಹೋದರೂ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಚರ್ಮವೇ ಹೇಳುತ್ತಿತ್ತು. ಪ್ಯಾರಿಸ್ಸಿನಲ್ಲಿ ಕ್ಲೋಡ್ ರೆಗೋ ಟಗರಿನ ವೃಷಣಗಳ ಮೇಲೆ ಪ್ರಯೋಗ ಮಾಡಿದರು. ಒಂದೇ ಸಲ ಕಿರಣ ಕೊಟ್ಟು ಟಗರನ್ನು ಬಂಜೆ ಮಾಡಲು ಹೋದರೆ ಮೇಲಿನ ಚರ್ಮ ಪೂರ್ತಿ ಕೆಡುತ್ತಿತ್ತು. ಅದನ್ನೇ ಹಲವು ದಿನಗಳಿಗೆ ಹಂಚಿ ಕೊಟ್ಟರೆ ಒಳಗಿನ ಕೆಲಸ ಆಗುತ್ತಿತ್ತು, ಚರ್ಮ ಉಳಿಯುತ್ತಿತ್ತು. ಇದೇ ತತ್ವವನ್ನು ಆನ್ರಿ ಕುಟಾರ್ 1920ರ ದಶಕದಲ್ಲಿ ಗಂಟಲಿನ ಕ್ಯಾನ್ಸರಿಗೆ ಬಳಸಿದರು. ಇವತ್ತು ನಮ್ಮವರು ಸೋಮವಾರದಿಂದ ಶುಕ್ರವಾರದವರೆಗೆ, ಐದಾರು ವಾರ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗುತ್ತಾರಲ್ಲ, ಆ ಕಂತಿನ ಪದ್ಧತಿಯ ಬೇರು ಇಲ್ಲಿದೆ.

ಸ್ವೀಡನ್ನಿನ ಸ್ಟ್ರಾಂಡ್‌ಕ್ವಿಸ್ಟ್ 1944ರಲ್ಲಿ ಚರ್ಮ ಮತ್ತು ತುಟಿಯ ಕ್ಯಾನ್ಸರಿನ ರೋಗಿಗಳ ಲೆಕ್ಕ ತೆಗೆದು, ಎಷ್ಟು ದಿನಕ್ಕೆ ಎಷ್ಟು ಡೋಸ್ ಹಂಚಿದರೆ ರೋಗ ಗುಣವಾಗಿ ಚರ್ಮವೂ ಉಳಿಯುತ್ತದೆ ಎಂಬುದಕ್ಕೆ ಗೆರೆ ಎಳೆದು ತೋರಿಸಿದರು. ಮುಂದಿನ ಹಲವು ವರ್ಷ ಬೇರೆ ಅಂಗಗಳ ಚಿಕಿತ್ಸೆಯ ಲೆಕ್ಕಕ್ಕೂ ಇಂಥ ಗೆರೆಗಳೇ ಆಧಾರವಾದವು.

ಕಂತಿನ ಚಿಕಿತ್ಸೆಯಲ್ಲಿ ಕಂತು ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ನಡುವೆ ಬಿಡುವು ಸಿಕ್ಕರೆ ಚರ್ಮ ಚೇತರಿಸಿಕೊಳ್ಳುವ ಹಾಗೆಯೇ ಗಡ್ಡೆಯೂ ಚೇತರಿಸಿಕೊಳ್ಳುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ಕಾಸರಗೋಡಿನ ರೋಗಿಗಳು ಈಚೆ ಉಳಿದದ್ದು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದದ್ದು ನಮಗೆಲ್ಲ ಗೊತ್ತು. ದಿನದ ಕಂತಿಗೆ ಗಡಿ ದಾಟಬೇಕಾದ ರೋಗಿಗೆ ಗಡಿ ಎಂಬುದು ನಕಾಶೆಯ ಗೆರೆಯಷ್ಟೇ ಅಲ್ಲ.

5. ಚರ್ಮ ಬದಿಗೆ ಸರಿದದ್ದು

ಹಳೆಯ ಎಕ್ಸ್-ರೇ ಯಂತ್ರಗಳ ಕಿರಣ ತನ್ನ ಶಕ್ತಿಯ ಹೆಚ್ಚು ಪಾಲನ್ನು ಚರ್ಮದಲ್ಲೇ ಇಳಿಸುತ್ತಿತ್ತು. 1951ರಲ್ಲಿ ಕೆನಡಾದ ಲಂಡನ್ ಮತ್ತು ಸಾಸ್ಕಟೂನ್ ಎಂಬ ಎರಡು ಊರುಗಳಲ್ಲಿ ಕೋಬಾಲ್ಟ್-60 ಯಂತ್ರದಿಂದ ಚಿಕಿತ್ಸೆ ಶುರುವಾಯಿತು. ಅದರ ಕಿರಣದ ಪೂರ್ತಿ ಬಲ ಚರ್ಮದ ಮೇಲಲ್ಲ, ಸುಮಾರು ಅರ್ಧ ಸೆಂಟಿಮೀಟರ್ ಒಳಗೆ. ಆಮೇಲೆ ಬಂದ ಲೀನಿಯರ್ ಆಕ್ಸಲರೇಟರ್ ಯಂತ್ರಗಳಲ್ಲಿ, ಸಾಮಾನ್ಯವಾಗಿ ಬಳಸುವ 6 ಎಂವಿ ಕಿರಣಕ್ಕೆ, ಇದು ಒಂದೂವರೆ ಸೆಂಟಿಮೀಟರ್ ಆಳಕ್ಕೆ ಹೋಯಿತು. ಮದರಾಸಿನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಗೆ 1950ರ ದಶಕದಲ್ಲೇ ಕೆನಡಾದಿಂದ ಕೋಬಾಲ್ಟ್ ಯಂತ್ರ ಬಂದಿತ್ತು. ಭಾಭಾ ಅಣು ಸಂಶೋಧನಾ ಕೇಂದ್ರ ಮುಂದೆ 'ಭಾಭಾಟ್ರಾನ್' ಎಂಬ ದೇಶೀ ಕೋಬಾಲ್ಟ್ ಯಂತ್ರವನ್ನೇ ರೂಪಿಸಿತು.

ಇಲ್ಲಿ ಒಂದು ತಮಾಷೆ ನೋಡಿ. ಕೋಬಾಲ್ಟ್ ಯಂತ್ರದಲ್ಲಿ ಕಿರಣ ಹುಟ್ಟುವುದು ವಿದ್ಯುತ್ತಿನಿಂದ ಅಲ್ಲ, ಕೋಬಾಲ್ಟ್ ಲೋಹದಿಂದಲೇ. ಆದರೂ ನಮ್ಮವರಿಗೆ ಅದೂ 'ಕರೆಂಟೇ'. ಶಾಖವೂ ಇಲ್ಲ. ದಿನಕ್ಕೆ ಕೊಡುವ ಸಾಮಾನ್ಯ 2 ಗ್ರೇ ಡೋಸಿನಿಂದ ಮೈಯ ಬಿಸಿ ಒಂದು ಡಿಗ್ರಿಯ ಸಾವಿರದ ಒಂದು ಭಾಗದಷ್ಟೂ ಏರುವುದಿಲ್ಲ.

ಹಾಗಾದರೆ ಚರ್ಮ ಯಾಕೆ ಕೆಡುತ್ತದೆ? ಹೊರಚರ್ಮದ ತಳಪದರದಲ್ಲಿ ಹೊಸ ಜೀವಕೋಶಗಳು ಹುಟ್ಟಿ ಮೇಲೆ ಬಂದು ಉದುರುತ್ತವೆ, ಈ ಸುತ್ತಿಗೆ ಸುಮಾರು ನಾಲ್ಕು ವಾರ ಬೇಕು. ಕಿರಣ ಆ ಹುಟ್ಟುವ ಕೋಶಗಳನ್ನು ಕೊಲ್ಲುತ್ತದೆ. ಮೇಲಿನವು ಉದುರುತ್ತಾ ಹೋಗುತ್ತವೆ, ಕೆಳಗಿನಿಂದ ಬರಬೇಕಾದವು ಬರುವುದಿಲ್ಲ. ಹಾಗಾಗಿ ಎರಡು-ಮೂರು ವಾರದ ಹೊತ್ತಿಗೆ ಬಣ್ಣ ಬದಲಾಗುತ್ತದೆ, ತುರಿಕೆ ಬರುತ್ತದೆ, ಒಣಗಿ ಹೊಟ್ಟಿನ ಹಾಗೆ ಸಿಪ್ಪೆ ಏಳುತ್ತದೆ. ಕೆಲವರಿಗೆ ಚರ್ಮ ಕಿತ್ತು ಹಸಿಯಾಗಿ ನೀರು ಒಸರುತ್ತದೆ. ಕೊನೆಯ ಕಂತು ಮುಗಿದು ಒಂದೆರಡು ವಾರ ಇದು ಹೆಚ್ಚಾಗಿಯೇ ಇರುತ್ತದೆ, ಮತ್ತೆ ಕೆಲವು ವಾರಗಳಲ್ಲಿ ಹೆಚ್ಚಿನವರಿಗೆ ಮಾಗುತ್ತದೆ. 'ಚಿಕಿತ್ಸೆ ಮುಗಿದರೂ ಗಾಯ ಹೆಚ್ಚಾಯಿತಲ್ಲ' ಎಂದು ಮನೆಯವರು ಹೆದರುವುದು ಈ ಲೆಕ್ಕ ಗೊತ್ತಿಲ್ಲದೆ.

ಯಂತ್ರ ಸುಧಾರಿಸಿದರೂ ಸ್ತನ, ಕುತ್ತಿಗೆ, ತೊಡೆಸಂದಿಯಂಥ ಕಡೆ ಚರ್ಮ ತಪ್ಪಿಸಿಕೊಳ್ಳುವುದಿಲ್ಲ. ಅಲ್ಲಿ ಗುರಿ ಚರ್ಮದ ಹತ್ತಿರವೇ ಇರುತ್ತದೆ, ಮಡಿಕೆಗಳಲ್ಲಿ ತಿಕ್ಕಾಟವೂ ಬೆವರೂ ಇರುತ್ತವೆ. ಕೆನಡಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸ್ತನಕ್ಕೆ ಡೋಸನ್ನು ಸಮವಾಗಿ ಹಂಚುವ ಹೊಸ ವಿಧಾನದಿಂದ ಹಸಿಗಾಯ ಆಗುವವರ ಪ್ರಮಾಣ ಶೇಕಡಾ 48ರಿಂದ 31ಕ್ಕೆ ಇಳಿಯಿತು. ಇಳಿಯಿತು ನಿಜ, ಆದರೂ ಮೂವರಲ್ಲಿ ಸುಮಾರು ಒಬ್ಬರಿಗೆ ಹಸಿಗಾಯ ಉಳಿದೇ ಇತ್ತು.

ವೈದ್ಯಶಾಸ್ತ್ರದ ಭಾಷೆಯಲ್ಲಿ ಚರ್ಮ ಈಗ ಅಳತೆಗೋಲು ಅಲ್ಲ, 'ಅಡ್ಡಪರಿಣಾಮ'. ರೋಗಿಗೆ ಮಾತ್ರ ಅದು ಈಗಲೂ ಕಣ್ಣಿಗೆ ಕಾಣುವ ಒಂದೇ ಒಂದು ಪರಿಣಾಮ.

6. ಕೆಂಪು ಕಾಣದ ಚರ್ಮ

ಕೆಂಪಿನ ಅಳತೆ ಹೋಯಿತು ಅಂದೆ. ಪೂರ್ತಿ ಹೋಗಲಿಲ್ಲ. ಚರ್ಮದ ಪ್ರತಿಕ್ರಿಯೆಯನ್ನು ದರ್ಜೆ ಹಾಕಲು ಜಗತ್ತಿನಲ್ಲಿ ಬಹಳವಾಗಿ ಬಳಸುವ, 1995ರಲ್ಲಿ ಪ್ರಕಟವಾದ ಆರ್‌ಟಿಒಜಿ ಪಟ್ಟಿ ಇದೆ. ಅದರ ತತ್‌ಕ್ಷಣದ ಪರಿಣಾಮಗಳ ಭಾಗದಲ್ಲಿ ಒಂದನೇ ದರ್ಜೆ ಎಂದರೆ ಮಸುಕು ಕೆಂಪು, ಕೂದಲು ಉದುರುವುದು, ಒಣ ಸಿಪ್ಪೆ. ಎರಡನೇ ದರ್ಜೆ ಎಂದರೆ ಮುಟ್ಟಿದರೆ ನೋಯುವ ಅಥವಾ ಢಾಳಾದ ಕೆಂಪು, ಅಲ್ಲಲ್ಲಿ ಹಸಿಗಾಯ. ಮೂರು ಮತ್ತು ನಾಲ್ಕರಲ್ಲಿ ಗಾಯ ಹರಡುವುದು, ಹುಣ್ಣು, ರಕ್ತಸ್ರಾವ. ಚರ್ಮದ ಬಣ್ಣ ಬದಲಾಗುವ ಮಾತು ಬರುವುದು ತಿಂಗಳುಗಳ ನಂತರದ ಪರಿಣಾಮಗಳಿಗಾಗಿ ಮಾಡಿದ ಇನ್ನೊಂದು ಪಟ್ಟಿಯಲ್ಲಿ.

ಈಗ ನಮ್ಮ ಮನೆಗಳ ಮಾತು ಕೇಳಿ. 'ಕೆಂಪಾಯಿತು' ಅಂತ ಹೇಳುವವರು ಕಡಿಮೆ. 'ಕಪ್ಪಾಯ್ತು', 'ಕರಟಿ ಹೋಯ್ತು', 'ಸುಟ್ಟ ಹಾಗೆ ಆಯ್ತು' ಎನ್ನುತ್ತಾರೆ. ಇದು ಬರೀ ಮಾತಿನ ರೂಢಿ ಅಲ್ಲ, ಕಣ್ಣಿಗೆ ಕಂಡದ್ದನ್ನೇ ಹೇಳುವುದು. ಕಪ್ಪು, ಕಂದು ಚರ್ಮದಲ್ಲಿ ಉರಿಯೂತದ ಕೆಂಪು ಸುಲಭವಾಗಿ ಕಾಣುವುದಿಲ್ಲ. ಕಾಣುವುದು ಇನ್ನಷ್ಟು ಕಪ್ಪು, ನೇರಳೆ ಛಾಯೆ, ಇಲ್ಲವೇ ಬೂದು. ಕೆಂಪನ್ನೇ ಹುಡುಕುವ ಕಣ್ಣಿಗೆ ಮೊದಲ ಹಂತ ತಪ್ಪಿಹೋಗುತ್ತದೆ, ಚರ್ಮ ಕಿತ್ತ ಮೇಲೆಯೇ ದಾಖಲಾಗುತ್ತದೆ. ಕಪ್ಪು ಚರ್ಮದವರಲ್ಲಿ ಈ ಪಟ್ಟಿಗಳು ತೊಂದರೆಯನ್ನು ಕಡಿಮೆ ಅಂದಾಜು ಮಾಡುತ್ತವೆ ಎಂದು ವೈದ್ಯರು, ದಾದಿಯರೇ ಈಚೆಗೆ ಬರೆಯುತ್ತಿದ್ದಾರೆ. 1920ರಲ್ಲಿ ಎರ್ಲಾಂಗೆನ್ನಿನ ಬಿಳಿ ಚರ್ಮದ ಮೇಲೆ ಕಂಡ ಕೆಂಪು ಹೀಗೆ ಪಟ್ಟಿಯ ಮೊದಲ ಸಾಲಿನಲ್ಲಿ ಇನ್ನೂ ಕೂತಿದೆ ಎಂಬುದು ನನ್ನ ವಾದ.

ಇಲ್ಲಿ ಭಾಷೆಯ ಕೆಲಸ ಶುರುವಾಗುತ್ತದೆ. ಬಣ್ಣ ಕೈಕೊಟ್ಟಲ್ಲಿ ಕೇಳಿ ತಿಳಿಯಬೇಕು: ಬಿಸಿ ಇದೆಯಾ, ಬಿಗಿದ ಹಾಗೆ ಆಗ್ತದಾ, ತುರಿಸ್ತದಾ, ಉರೀತದಾ? ಆದರೆ ಗಡಿಯಾಚೆಯ ಕನ್ನಡ ಒಂದೇ ಅಲ್ಲ. ಕರಾವಳಿಯಲ್ಲಿ 'ತುರಿಕೆ' ಅನ್ನುವುದಕ್ಕೆ ಮೈಸೂರು ಸೀಮೆಯಲ್ಲಿ 'ನವೆ' ಎಂಬ ಮಾತಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಉತ್ತರದ ಕನ್ನಡದಲ್ಲಿ 'ತಿಂಡಿ' ಎಂದರೂ ತುರಿಕೆಯೇ. 'ಎದಿ ಮ್ಯಾಲೆ ತಿಂಡಿ ಭಾಳ ಆಗ್ಯಾದ' ಎಂದರೆ ಬೆಂಗಳೂರಿನ ಕಿರಿಯ ವೈದ್ಯರು ಏನು ಅರ್ಥ ಮಾಡಿಕೊಳ್ಳಬೇಕು? ಮರಾಠಿ ಅಥವಾ ಮಲಯಾಳ ಮಾತ್ರ ಬಲ್ಲ ದಾದಿಗೆ ಹೇಳುವಾಗ ರೋಗಿ 'ಸ್ವಲ್ಪ ನೋವು' ಎಂದು ಚಿಕ್ಕದು ಮಾಡಿ ಮುಗಿಸುವುದೂ ಉಂಟು. ಪಟ್ಟಿಯಲ್ಲಿ ಬಣ್ಣ ತಪ್ಪಿತು, ಬಾಯಲ್ಲಿ ಮಾತು ತಪ್ಪಿತು, ಉಳಿದದ್ದು ಗಾಯ.

7. ಹೆಸರು ಮಾಡುವ ಕೆಡುಕು

'ಸುಟ್ಟದ್ದು' ಎಂಬ ಹೆಸರು ಇದ್ದಲ್ಲಿ ಸುಟ್ಟದ್ದಕ್ಕೆ ಮಾಡುವ ಮದ್ದೇ ಬರುತ್ತದೆ. ಅರಸಿನ, ತೆಂಗಿನೆಣ್ಣೆ, ಬೂದಿ, ಟೂತ್‌ಪೇಸ್ಟ್. ಹಸಿಯಾದ ಚರ್ಮಕ್ಕೆ ಇವನ್ನು ಮೆತ್ತಿದರೆ ಉರಿ, ಸೋಂಕು ಹೆಚ್ಚಾಗಬಹುದು, ಗಾಯ ನೋಡುವುದೂ ಕಷ್ಟವಾಗುತ್ತದೆ. 'ಕರೆಂಟು' ಎಂಬ ಹೆಸರು ಇನ್ನೊಂದು ಭಯ ತರುತ್ತದೆ: ಮೈ ಮುಟ್ಟಿದರೆ ನಮಗೂ ತಾಗೀತು, ಮಕ್ಕಳನ್ನು ದೂರ ಇಡಬೇಕು ಅಂತ. ಹೊರಗಿನ ಯಂತ್ರದಿಂದ ಕಿರಣ ಪಡೆದವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳುವುದಕ್ಕೆ ಏನೂ ಅಡ್ಡಿ ಇಲ್ಲ.

ನೀರು ತಾಗಿಸಬಾರದು ಎಂಬ ಮಾತಿಗೆ ಮಾತ್ರ ಜನರನ್ನು ದೂರಬಾರದು. ಅದು ಬಹಳ ಕಾಲ ಆಸ್ಪತ್ರೆಗಳೇ ಕೊಟ್ಟ ಸಲಹೆ. 1990ರ ದಶಕದಿಂದ ನಡೆದ ಪರೀಕ್ಷೆಗಳು ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪಿನಿಂದ ಮೆಲ್ಲನೆ ತೊಳೆಯುವುದರಿಂದ ಕೇಡಿಲ್ಲ ಎಂದು ತೋರಿಸಿದವು. ಆಸ್ಪತ್ರೆ ಸಲಹೆ ಬದಲಾಯಿಸಿತು, ಬದಲಾದ ಸಲಹೆ ಕನ್ನಡದಲ್ಲಿ ಗಡಿಯಾಚೆ ತಲುಪಿತೇ ಎಂಬುದು ಪ್ರಶ್ನೆ.

ನನ್ನ ಮಾತು ಇಷ್ಟೆ. ಚರ್ಮ ಮೊದಲು ಸಾಕ್ಷಿಯಾಯಿತು, ಆಮೇಲೆ ಅಳತೆಗೋಲಾಯಿತು, ಈಗ ಅಡ್ಡಪರಿಣಾಮದ ಪಟ್ಟಿಯಲ್ಲಿ ಒಂದು ಸಾಲಾಗಿದೆ. ಮೂರು ಹಂತದಲ್ಲೂ ಅದನ್ನು ಓದಿದ್ದು ಕೆಂಪಿನ ಭಾಷೆಯಲ್ಲಿ. ನಮ್ಮ ಜನ ಕಪ್ಪಿನ ಭಾಷೆಯಲ್ಲಿ ಹೇಳುತ್ತಿದ್ದಾರೆ. ಗಡಿನಾಡಿನ ಕನ್ನಡ ವಿಭಾಗಗಳು ಆಯಾ ಊರಿನ ಕನ್ನಡದಲ್ಲಿ ನೋವು, ಉರಿ, ತುರಿಕೆ, ಬಣ್ಣದ ಪದಗಳನ್ನು ಒಟ್ಟುಮಾಡಿ, ನೆರೆಭಾಷೆಯ ಸಮಾನ ಪದಗಳ ಜೊತೆ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಆಸ್ಪತ್ರೆಗಳಿಗೆ ಕೊಡಬಹುದು. ನಿಘಂಟಿನ ಕೆಲಸ ನಮಗೆ ಹೊಸದಲ್ಲ.

ಚರ್ಚೆಯಿಂದ

ಪ್ರಶ್ನೆ: ಹಾಗಾದರೆ 'ಕರೆಂಟು' ಎಂಬ ಮಾತನ್ನು ಬಿಟ್ಟು 'ವಿಕಿರಣ' ಅಂತಲೇ ಹೇಳಿಸಬೇಕೇ?

ಉತ್ತರ: ಬೇಡ ಅಂತ ನನ್ನ ಅಭಿಪ್ರಾಯ ಸರ್. ಬಾಯಿಗೆ ಬಂದ ಮಾತನ್ನು ಕಿತ್ತುಕೊಂಡರೆ ರೋಗಿ ಸುಮ್ಮನಾಗ್ತಾರೆ. 'ಕರೆಂಟು ಅಂತ ಹೇಳ್ತೇವೆ, ಆದರೆ ಶಾಕ್ ಹೊಡೆಯುವುದಿಲ್ಲ, ಬಿಸಿಯೂ ಆಗುವುದಿಲ್ಲ' ಎಂದು ಅದೇ ಮಾತಿನಿಂದ ಶುರು ಮಾಡಿದರೆ ಸಾಕು. ಫ್ರೆಂಚ್, ಜರ್ಮನ್ ವೈದ್ಯರೂ ಮೊದಲಿಗೆ ಇದನ್ನು 'ಸುಟ್ಟ ಗಾಯ' ಎಂದೇ ಬರೆದರು.

ಪ್ರಶ್ನೆ: ಮನೆಯವರು ತಿಳಿದಿರಲೇಬೇಕಾದ ಒಂದು ವಿಷಯ ಹೇಳುವುದಾದರೆ?

ಉತ್ತರ: ಮೇಡಂ, ಒಂದೇ ಎಂದರೆ ಇದು: ಚರ್ಮ ಕಪ್ಪಾಯಿತು ಅಂತ ಕಂತು ನಿಲ್ಲಿಸಬೇಡಿ, ಮುಚ್ಚಿಟ್ಟುಕೊಳ್ಳಲೂ ಬೇಡಿ. ಮರುದಿನ ಹೋದಾಗ ತೋರಿಸಿ. ಕಪ್ಪಾದದ್ದು, ಬಿಗಿದದ್ದು, ನೀರು ಒಸರಿದ್ದು, ಜ್ವರ ಬಂದದ್ದು, ಎಲ್ಲವನ್ನೂ ನಿಮ್ಮ ಕನ್ನಡದಲ್ಲೇ ಹೇಳಿ. ಅರ್ಥವಾಗದಿದ್ದರೆ ಬೆರಳಿಟ್ಟು ತೋರಿಸಿ. ವಿಷಯ ಅಲ್ಲಿನವರಿಗೆ ಗೊತ್ತಾದರೆ ಅದಕ್ಕೆ ಮುಲಾಮು, ಪಟ್ಟಿ ಇದೆ.